ಒಂದೆಸಳು ಹೊಗೆಸೊಪ್ಪು

ನಿಘಂಟಿನಲ್ಲಿ ಆ ಪದ ಇತ್ತು. ಇರಲಾರದು ಎಂದು ಗಿರಿಜಾಂಬಿಕಾ ಯಾಕೆ ಅಂದುಕೊಂಡಿದ್ದಳೋ.

ಪ್ಯಾಲಿಯೇಟಿವ್. ರೋಗವನ್ನು ವಾಸಿ ಮಾಡದೆ ನೋವನ್ನಷ್ಟೇ ತಗ್ಗಿಸುವಂಥದು. ಮೂಲ ಲ್ಯಾಟಿನ್, ಮೇಲುಹೊದಿಕೆ ಎಂಬರ್ಥದ ಪದದಿಂದ ಬಂದದ್ದು. ಕಾಲೇಜಿನ ಲೈಬ್ರರಿಯಲ್ಲಿ ನಿಂತುಕೊಂಡೇ ಓದಿದಳು. ಇತಿಹಾಸ ಪಾಠ ಹೇಳುವವಳಿಗೆ ಪದವೊಂದರ ಮೂಲ ಸಿಕ್ಕಾಗ ಸಣ್ಣ ಖುಷಿಯಾಗುತ್ತದೆ. ಈಗಲೂ ಆಯಿತು. ಆದದ್ದು ತಿಳಿದೊಡನೆ ಪುಸ್ತಕ ಮುಚ್ಚಿದಳು.

"ಸಿಕ್ತಾ ಮೇಡಂ?" ಲೈಬ್ರರಿಯ ಆಂಜನಪ್ಪ ಕೇಳಿದ.

"ಸಿಕ್ತು."

"ಅಮ್ಮೋರು ಹೆಂಗವ್ರೆ?"

"ಪರವಾಗಿಲ್ಲ."

ಡಿಸೆಂಬರಿನಿಂದ ಈ ಮಾರ್ಚಿನವರೆಗೆ ಅವಳು ಅತಿ ಹೆಚ್ಚು ಬಾರಿ ಆಡಿದ ಮಾತು ಅದೇ ಇರಬೇಕು. ಕೇಳಿದವರಿಗೂ ಅಷ್ಟೇ ಬೇಕಾಗಿತ್ತು.

ಬೆಂಗಳೂರಿನ ಡಾಕ್ಟರ ಕಾಗದ ಬುಧವಾರವೇ ಕಾಲೇಜಿನ ವಿಳಾಸಕ್ಕೆ ಬಂದಿತ್ತು. ಟೈಪು ಮಾಡಿದ ಅರ್ಧ ಪುಟ. ಅವ್ವನ ಕೆನ್ನೆಯ ಗಡ್ಡೆ ಕುತ್ತಿಗೆಗೂ ಎದೆಗೂ ಇಳಿದಿದೆ. ಇನ್ನೊಂದು ಸುತ್ತು ವಿಕಿರಣ, ಮನೆಯವರ ಬಾಯಲ್ಲಿ ಕರೆಂಟು, ಕೊಟ್ಟು ಪ್ರಯೋಜನವಿಲ್ಲ. ಪ್ರಯಾಣದ ಆಯಾಸ ಕೊಡದೆ ಮನೆಯಲ್ಲೇ ಇಟ್ಟುಕೊಳ್ಳಿ. ನೋವಿಗೆ ಇಂತಿಂಥ ಮಾತ್ರೆ. ಕೊನೆಗೆ ಆ ಪದ. ಬುಧವಾರ ಸಂಜೆ ಅಣ್ಣ ಕೇಳಿದಾಗ "ಏನೋ ರಿಪೋರ್ಟು" ಎಂದಿದ್ದಳು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಬಾಯಿಬಿಟ್ಟು ಹೇಳಿ ಅದು ಕನ್ನಡಕ್ಕೆ ಬರುವವರೆಗೂ ಯಾರಿಗೂ ಏನೂ ಆಗಿರಲಿಲ್ಲ. ಮೂರು ದಿನ ಹಾಗೇ ಕಳೆದಳು.

ಶನಿವಾರವಾದ್ದರಿಂದ ಕಾಲೇಜು ಬೇಗ ಮುಗಿಯಿತು. ತಿಪಟೂರಿನ ಬಸ್ ಸ್ಟಾಂಡಿನಲ್ಲಿ ಅಣ್ಣ ಮರುಳಸಿದ್ದಯ್ಯ ಹೊನ್ನವಳ್ಳಿ ಬಸ್ಸಿನಿಂದ ಇಳಿಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಮಡಿಸಿದ ಗೋಣಿಚೀಲ. ತೋಟ ಬಿಟ್ಟು ಕದಲದವನು ನಾಲ್ಕು ತಿಂಗಳಿಂದ ಬೆಂಗಳೂರಿನ ಆಸ್ಪತ್ರೆಯ ಕಾರಿಡಾರುಗಳಲ್ಲಿ ಓಡಾಡಿ, ಯಾವ ಕಿಟಕಿಯಲ್ಲಿ ಯಾವ ಚೀಟಿ ಎಂದು ಬೇರೆಯವರಿಗೆ ಹೇಳಿಕೊಡುವಷ್ಟು ಕಲಿತಿದ್ದ.

"ಸ್ಟೇಷನ್‌ಗೆ ಹೋಯ್ತಿದೀನಿ. ಸೋಮ್ವಾರದ ರೈಲಿಗೆ ಮೂರು ಸೀಟು ಹೇಳ್ಬುಡ್ತೀನಿ. ಅವ್ವಂಗೆ ಕಿಟಕಿ ಪಕ್ಕ."

"ಅಣ್ಣಾ..."

"ಏನು?"

"ಬಿಸಿಲು. ಟವೆಲ್ ಹಾಕ್ಕೋ ತಲೆ ಮೇಲೆ."

ಅವನು ನಕ್ಕ. "ಈ ಸಲ ಇಪ್ಪತ್ತು ಕರೆಂಟು ಬಿದ್ರೆ ಪೂರ್ತಿ ಸುಟ್ಟೋಗ್ತದೆ ಅಂತ ಆ ಕಾಂಪೌಂಡರ್ ಅಂದವ್ನೆ ಕಣೇ" ಎಂದು ಹೋದ. ಕೈಚೀಲದಲ್ಲಿ ಕಾಗದವಿತ್ತು. ಅವನ ಬೆನ್ನು ಜನರಲ್ಲಿ ಕರಗುವವರೆಗೂ ನೋಡಿದಳು. ಓಡಿಹೋಗಿ ತಡೆಯಬಹುದಿತ್ತು. ಬಸ್ಸು ಹೊರಡುತ್ತದೆಂಬ ನೆಪ ಇತ್ತು. ಹತ್ತಿದಳು. ಬಸ್ಸು ಆಮೇಲೆ ಇಪ್ಪತ್ತು ನಿಮಿಷ ಅಲ್ಲೇ ನಿಂತಿತ್ತು.

ತೋಟಗಳು ಶುರುವಾದವು. ತೆಂಗಿನ ಸಾಲುಗಳ ನಡುವೆ ಬಿಸಿಲು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಇದೇ ದಾರಿಯಲ್ಲಿ ಹದಿನಾರು ವರ್ಷದ ಹಿಂದೆ ಟ್ರಂಕು ಹೊತ್ತು ಮೈಸೂರಿಗೆ ಓದಲು ಹೋಗಿದ್ದಳು. ಹಾಸ್ಟೆಲಿನಲ್ಲಿ ಮೊದಲ ತಿಂಗಳು ನಿದ್ದೆ ಬರುತ್ತಿರಲಿಲ್ಲ. ಒಂದು ಸಂಜೆ ಮಾರ್ಕೆಟ್ಟಿನಲ್ಲಿ ಹೊಗೆಸೊಪ್ಪಿನ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟಳು. ಅಂಗಡಿಯವನು ಏನು ಬೇಕೆಂದ. ಏನೂ ಇಲ್ಲವೆಂದಳು. ಅವಳಿಗೆ ಬೇಕಾಗಿದ್ದದ್ದು ವಾಸನೆ. ಅದು ಅವ್ವನ ಮಡಿಲಿನ ವಾಸನೆ.

ಮಧ್ಯಾಹ್ನ ಎಲ್ಲರೂ ಉಂಡಮೇಲೆ ಅವ್ವ ಶಿವರುದ್ರಮ್ಮ ಅಟ್ಟದ ಏಣಿಯ ಬುಡದಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ತಲೆಯ ಮೇಲೆ ಅಟ್ಟದ ತುಂಬ ವರ್ಷದ ಕಾಯಿ, ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತಾ. ಎಲೆ, ಅಡಿಕೆ, ಸುಣ್ಣ, ಕೊನೆಗೆ ಹೆಬ್ಬೆರಳಿನಲ್ಲಿ ತಿಕ್ಕಿದ ಒಂದೆಸಳು ಹೊಗೆಸೊಪ್ಪು. ಅದು ಎಡಗೆನ್ನೆಗೆ ಸೇರಿತೆಂದರೆ ಅವ್ವನ ದಿನದ ಸಿಟ್ಟೆಲ್ಲ ಇಳಿಯಿತೆಂದೇ ಲೆಕ್ಕ. ಮಡಿಲಲ್ಲಿ ತಲೆಯಿಟ್ಟ ಗಿರಿಜೆಯ ಕೂದಲಲ್ಲಿ ಬೆರಳಾಡುತ್ತಿತ್ತು. ಹೊಗೆಸೊಪ್ಪು ತರಲು ಓಡುತ್ತಿದ್ದವಳೂ ಅವಳೇ. ಒಂಬತ್ತು ವರ್ಷದವಳಿದ್ದಾಗ ದಾರಿಯಲ್ಲಿ ಕದ್ದು ಒಂದು ಚೂರು ಬಾಯಿಗಿಟ್ಟು, ಲೋಕ ಗಿರ್ರನೆ ತಿರುಗಿ, ತೆಂಗಿನ ಬುಡದಲ್ಲಿ ವಾಂತಿ ಮಾಡಿಕೊಂಡಿದ್ದಳು. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಚೊಂಬಿನಲ್ಲಿ ನೀರು ತಂದು, ತನ್ನ ಬೆರಳನ್ನೇ ಹಾಕಿ ಬಾಯಿ ತೊಳೆದಿದ್ದಳು.

ಆ ಕಾಲ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಅವ್ವನ ಕೆನ್ನೆಯೊಳಗೆ ಕೂತು ಗಡ್ಡೆಯಾಗಿತ್ತು. ಎರಡನ್ನೂ ಒಟ್ಟಿಗೆ ಹೇಗೆ ನೆನೆಯಬೇಕೆಂಬುದು ಅವಳಿಗೆ ತಿಳಿಯಲಿಲ್ಲ.

ಒಂದು ವಾರದಿಂದ ಅವ್ವನದು ಒಂದೇ ಮಾತು: ಒಂದೆಸಳು ತಂದುಕೊಡಿ. ಅಣ್ಣ ಮೊದಲ ದಿನವೇ ಕೂಗಾಡಿದ್ದ. "ಅದ್ರಿಂದ್ಲೇ ಅಲ್ವೇನವ್ವಾ ಬಂದಿದ್ದು!" ಕೂಗಿದವನು ಎಲೆಅಡಿಕೆಯ ಚೀಲವನ್ನು ನೀರೊಲೆಗೆ ಹಾಕಿದ್ದ. ಆಮೇಲೆ ಹಿತ್ತಿಲಲ್ಲಿ ನಿಂತು ಅತ್ತಿದ್ದ.

ಹೊನ್ನವಳ್ಳಿಯಲ್ಲಿ ಇಳಿದವಳ ಕಾಲು ಮನೆಯ ಕಡೆ ತಿರುಗಲಿಲ್ಲ. ದೊಡ್ಡರಂಗಯ್ಯನ ಅಂಗಡಿಯ ಮುಂದೆ ನಿಂತಳು. ಮುದುಕನಿಗೆ ಕಣ್ಣು ಮಂಜಾಗಿತ್ತು.

"ಯಾರವ್ವಾ?"

"ನಾನು, ಗಿರಿಜೆ. ಹೊಗೆಸೊಪ್ಪು ಕೊಡಿ."

ಅವನು ತಡೆದ. ಊರಿಗೆಲ್ಲ ಗೊತ್ತಿತ್ತು. "ನಿಮ್ಮವ್ವಂಗಾ?"

"ಹೂಂ."

"ಡಾಕ್ಟ್ರು ಕೊಡಬೋದು ಅಂದ್ರಾ?"

"ಅಂದ್ರು" ಎಂದಳು. ಕಾಗದದಲ್ಲಿ ಹಾಗೆಂದು ಇರಲಿಲ್ಲ. ಆದರೂ ಬುಧವಾರದಿಂದ ಅವಳು ಆಡಿದ ಮೊದಲ ನಿಜ ಅದೇ ಇರಬೇಕು ಎನ್ನಿಸಿತು.

ಮುದುಕ ಏನನ್ನೋ ಅರ್ಥ ಮಾಡಿಕೊಂಡವನಂತೆ ಎದ್ದು, ಒಳಗಿನ ಡಬ್ಬದಿಂದ ಒಳ್ಳೆಯ ಎಲೆ ಹುಡುಕಿ ಕಾಗದದಲ್ಲಿ ಸುತ್ತಿಕೊಟ್ಟ. ದುಡ್ಡು ಮುಟ್ಟಲಿಲ್ಲ.

ಮನೆಯಲ್ಲಿ ಅತ್ತಿಗೆ ವಿಮಲಮ್ಮ ಗಂಜಿಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. "ಬೆಳಿಗ್ಗಿಂದ ಎರಡೇ ಗುಟುಕು" ಎಂದು ಪಿಸುಗುಟ್ಟಿದಳು. ಅವ್ವ ನಡುಮನೆಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಎಡಗೆನ್ನೆಯ ಮೇಲೆ ಕರೆಂಟಿನ ಗುರುತಿಗೆಂದು ಆಸ್ಪತ್ರೆಯವರು ನೇರಳೆ ಮಸಿಯಲ್ಲಿ ಬರೆದ ಚೌಕ. ತೊಳೆಯಬಾರದೆಂದು ಹೇಳಿದ್ದರಿಂದ, ಕೋರ್ಸು ಮುಗಿದು ತಿಂಗಳಾದರೂ ಅಣ್ಣ ಅದನ್ನು ಅಳಿಸಲು ಬಿಟ್ಟಿರಲಿಲ್ಲ. ಚೌಕದೊಳಗಿನ ಚರ್ಮ ಸುಟ್ಟ ಹಪ್ಪಳದಂತೆ ಕಪ್ಪಾಗಿತ್ತು.

"ಬಂದ್ಯಾ?" ಬಾಯಿ ಒಂದು ಬೆರಳಗಲ ತೆರೆಯಿತು. ಅಷ್ಟೇ ತೆರೆಯುತ್ತಿದ್ದದ್ದು.

ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ, ಬೆರಳಿಗೆ ಸುತ್ತಿ, ಅವ್ವನ ಬಾಯಿ ಒರೆಸಿದಳು. ದಿನಾ ಮಾಡುವ ಕೆಲಸ. ಮೊದಮೊದಲು ವಾಸನೆಗೆ ಉಸಿರು ಹಿಡಿಯುತ್ತಿದ್ದಳು. ಈಗ ಹಿಡಿಯುವುದನ್ನೂ ಮರೆತಿದ್ದಳು. ಅತ್ತಿಗೆ ಪಾತ್ರೆ ತೊಳೆಯಲು ಹಿತ್ತಿಲಿಗೆ ಹೋದದ್ದನ್ನು ನೋಡಿ ಕಾಗದದ ಪೊಟ್ಟಣ ತೆಗೆದಳು.

ಅವ್ವ ಪೊಟ್ಟಣ ನೋಡಿದಳು. ಮಗಳ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು.

"ಓ" ಎಂದಳು. "ಕಾಗ್ದ ಬಂತಾ?"

ಗಿರಿಜಾಂಬಿಕಾ ಪೊಟ್ಟಣ ಬಿಡಿಸಿ ಎಲೆಯನ್ನು ಅವ್ವನ ಮಡಿಲಲ್ಲಿಟ್ಟಳು.

"ನೀನೇ ತಂದ್ಕೊಟ್ಟೆ ಅಂದ್ಮೇಲೆ ಆಯ್ತು ಬುಡು."

ಹಾಗೆ ಮೂರು ದಿನ ಅವಳು ಹೊತ್ತದ್ದು ಒಂದು ಮಾತಿಲ್ಲದೆ ಇಳಿದುಹೋಯಿತು. ಹಗುರವಾಗಬೇಕಿತ್ತು. ಆಗಲಿಲ್ಲ. ತಾನು ಅಳಬೇಕು ಎಂದುಕೊಂಡಳು. ಅಳು ಬರುತ್ತದೆಯೇ ಎಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದವಳೂ ತಾನೇ.

ಅವ್ವ ಎಸಳನ್ನು ಮುರಿದು ಅಂಗೈಯಲ್ಲಿಟ್ಟು ಹೆಬ್ಬೆರಳಿನಲ್ಲಿ ತಿಕ್ಕಿದಳು. ತಿಕ್ಕುವ ಕ್ರಮ ತಪ್ಪಲಿಲ್ಲ. ಮೂಗಿಗೆ ಹಿಡಿದಳು. ಬಾಯಿಯ ಬಲಸಂದಿಯಿಂದ ಒಳಗೆ ತುರುಕಿ ಕಣ್ಣು ಮುಚ್ಚಿದಳು. ಗಿರಿಜಾಂಬಿಕಾ ಕಾದಳು. ಅವ್ವನ ಮುಖ ಸಡಿಲಗೊಳ್ಳುವುದನ್ನು, ಹಣೆಯ ಗೆರೆ ಇಳಿಯುವುದನ್ನು, ಕೈ ತನ್ನ ತಲೆಯ ಕಡೆ ಬರುವುದನ್ನು ಕಾದಳು. ಮೂವತ್ತಮೂರು ವರ್ಷದ ಲೆಕ್ಚರರು ಮಂಚದ ಅಂಚಿನಲ್ಲಿ ತಲೆಯನ್ನು ಕೊಂಚ ಬಾಗಿಸಿಯೂ ಇದ್ದಳು.

ಅವ್ವ ಕಣ್ಣು ತೆರೆದಳು.

"ಏನೂ ಗೊತ್ತಾಗ್ತಿಲ್ಲ ಕಣೇ."

"ಸ್ವಲ್ಪ ಹೊತ್ತಿರು."

"ಮಣ್ಣಿಟ್ಕೊಂಡಂಗೈತೆ." ಇನ್ನೊಂದಿಷ್ಟು ಹೊತ್ತು ನೋಡಿ, ಬಟ್ಟೆಗೆ ಉಗುಳಿದಳು. "ರಂಗಯ್ಯ ಮೋಸ ಮಾಡವ್ನೆ. ಹಳೇ ಸರಕು ಕೊಟ್ಟವ್ನೆ."

ರುಚಿಯನ್ನು ಕರೆಂಟು ಸುಟ್ಟಿದೆಯೆಂದು ಹೇಳಬೇಕಿತ್ತು. "ಹೌದು, ಮುದುಕಂಗೆ ಕಣ್ಣು ಕಾಣಲ್ಲ" ಎಂದಳು.

ಅವ್ವ ಗೋಡೆಗೆ ತಲೆಯಾನಿಸಿದಳು. ಹಿತ್ತಿಲಲ್ಲಿ ಪಾತ್ರೆಯ ಸದ್ದು.

"ಮರುಳಂಗೆ ಹೇಳಿದ್ಯಾ?"

"ಇಲ್ಲ. ಟಿಕೇಟ್ ತರೋಕೆ ಹೋಗಿದಾನೆ."

"ಹೇಳ್ಬ್ಯಾಡ."

"ಅವ್ವಾ, ಸುಮ್ನೆ ಅಷ್ಟು ದೂರ... ನಿನಗೆ ಕೂರೋಕಾಗಲ್ಲ. ಡಾಕ್ಟ್ರೂ ಬೇಡ ಅಂದಿದಾರೆ."

"ಹೋಗ್ಬರನ. ಅವ್ನಿಗೆ ಹೋಗ್ಲೇಬೇಕು." ಉಸಿರಿಗಾಗಿ ನಿಂತಳು. "ನೀನು ತಡ್ಕತೀಯ. ಓದ್ದೋಳು. ಅವ್ನು ತಡ್ಕಳಾಕಿಲ್ಲ."

ತಾನು ತಡೆದುಕೊಳ್ಳುತ್ತೇನೆಂದು ಅವ್ವನಿಗೆ ಯಾರು ಹೇಳಿದರು? ಕೇಳಬೇಕೆನ್ನಿಸಿತು. ಕೇಳಿದರೆ ಅವ್ವ ಅಣ್ಣನ ಜೊತೆಗೆ ತನ್ನನ್ನೂ ಸಂಭಾಳಿಸಬೇಕಾಗುತ್ತಿತ್ತು. ಉಗುಳಿದ ಬಟ್ಟೆಯನ್ನು ಮಡಿಸಿಕೊಂಡು ಎದ್ದಳು.

ಅಣ್ಣ ಬಂದಾಗ ಬಿಸಿಲು ಇಳಿಯುತ್ತಿತ್ತು. ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ಒಂದೂವರೆ ತಾಸು ನಿಂತಿತಂತೆ. ಕಾದು ಕಾದು, ಗೋಣಿಚೀಲ ಹೊತ್ತು ಅರ್ಧದಾರಿ ನಡೆದೇ ಬಂದಿದ್ದ. ಅಂಗಿಯ ಬೆನ್ನೆಲ್ಲ ನೆನೆದಿತ್ತು. ಅದು ಬೆವರಲ್ಲ, ಚೀಲದಿಂದ ಸೋರಿದ ನೀರು.

"ಐಸು!" ಎಂದ. ಚೀಲವನ್ನು ಅಂಗಳದ ಕಲ್ಲಿನ ಪಕ್ಕ ಇಳಿಸಿದ. "ಅವತ್ತು ಬೆಂಗಳೂರಾಗೆ ನರ್ಸು ಒಂದು ಚೂರು ಬಾಯಿಗಿಟ್ಟಾಗ ಅವ್ವ ಹೆಂಗೆ ನಿದ್ದೆ ಹೋದ್ಲು, ಗೆಪ್ತಿ ಐತಾ? ಸೋಡಾ ಫ್ಯಾಕ್ಟ್ರಿಯೋನ ಕಾಲು ಹಿಡ್ದು ಇಷ್ಟುದ್ದದ ಗಡ್ಡೆ ತಂದಿದೀನಿ. ತೆಂಗಿನ ನಾರಿನ ಹೊಟ್ಟಲ್ಲಿ ಹುದುಗಿಸಿದ್ರೆ ಎರಡು ದಿನ ಇರ್ತದಂತೆ."

"ಟಿಕೇಟು?"

"ಆಯ್ತು. ಕಿಟಕೀನೇ ಸಿಕ್ತು."

ಚೀಲದ ಬಾಯಿ ಬಿಚ್ಚಿದ. ಮೇಲೆಲ್ಲ ಒದ್ದೆಯಾದ ಕಂದು ಹೊಟ್ಟು. ಎರಡು ಕೈಯಿಂದ ತೆಗೆದು ಪಕ್ಕಕ್ಕಿಟ್ಟ. ಇನ್ನೊಂದು ಬೊಗಸೆ. ಇನ್ನೊಂದು. ಮೊಣಕೈವರೆಗೆ ಕೈ ಹಾಕಿ ತಡಕಿದ.

"ಅಣ್ಣಾ" ಎಂದಳು ಗಿರಿಜಾಂಬಿಕಾ.

"ಇರ್ತದೆ ಕಣೇ. ತಳದಾಗೆ ಇರ್ತದೆ."

ಒಳಗಿನಿಂದ ಅವ್ವನ ದನಿ ಬಂತು, "ಮರುಳ ಬಂದ್ನಾ?"

"ಬಂದೆ ಕಣವ್ವಾ. ಈಗ ತಂದೆ!"

ಗಿರಿಜಾಂಬಿಕಾ ಸೆರಗು ಸಿಕ್ಕಿಸಿ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಚೀಲದೊಳಗೆ ಕೈ ಹಾಕಿದಳು. ಹೊಟ್ಟು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಈಗ ತಾನೇ ಇಲ್ಲೇ ಇದ್ದು ಎದ್ದುಹೋದಷ್ಟು ತಣ್ಣಗೆ. ಒಂದು ಹಿಡಿ ತೆಗೆದಳು, ಹಿಂಡಿದಳು, ಪಕ್ಕಕ್ಕೆ ಹಾಕಿದಳು. ಅವನೊಂದು ಹಿಡಿ, ಅವಳೊಂದು ಹಿಡಿ. ಇಬ್ಬರೂ ತಲೆಯೆತ್ತಲಿಲ್ಲ. ಕಲ್ಲಿನ ಪಕ್ಕ ಒದ್ದೆ ಹೊಟ್ಟಿನ ಗುಡ್ಡೆ ಏಳುತ್ತಾ ಹೋಯಿತು.