ಲಾಳವೋ ಕೊಕ್ಕರೆಯೋ

ಐದು ಗಂಟೆಯೊಳಗೆ ಟ್ವೈಲಾ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಮೂರೂವರೆಗೇ ಅವಳು ಕಾಲು ಸುಟ್ಟ ಬೆಕ್ಕಿನಂತಾಗಿದ್ದಳು. ಗಲ್ಲಾದಿಂದ ಕಿಟಕಿಗೆ, ಕಿಟಕಿಯಿಂದ ಕಾಫಿ ಯಂತ್ರಕ್ಕೆ, ಮತ್ತೆ ಗಲ್ಲಾಕ್ಕೆ. ಹೊರಗೆ ನೆಬ್ರಾಸ್ಕಾದ ಗಾಳಿ ಖಾಲಿ ಟ್ರೇಲರುಗಳನ್ನು ತೊಟ್ಟಿಲಿನಂತೆ ತೂಗುತ್ತಿತ್ತು.

ಹೆದ್ದಾರಿ ಪಕ್ಕದ ಆ ಲಾರಿ ತಂಗುದಾಣದಲ್ಲಿ ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ: ಡ್ರೈವರುಗಳಿಗೆ ಸ್ನಾನದ ನಂಬರು ಕೊಡುವುದು, ಕೋಣೆ ತೊಳೆದಾದ ಮೇಲೆ ಮೈಕಿನಲ್ಲಿ ನಂಬರು ಕೂಗುವುದು. ಎಲ್ಲರೂ ಮಿಂದು ಹೊರಟುಹೋಗುತ್ತಿದ್ದರು. ಇವಳಿಗೆ ನಲವತ್ತಾರು ತುಂಬಿದರೂ ಡೆನ್ವರ್ ದಾಟಿ ಗೊತ್ತಿಲ್ಲ. ಈ ಚಳಿಗಾಲ ಒಂದು ದಿನ ನಂಬರು ಕೂಗುತ್ತಿದ್ದಾಗ ತನ್ನ ದನಿಯೇ ತನಗೆ ಹೇಸಿಗೆಯಾಯಿತು. ಅಂದೇ ತೀರ್ಮಾನಿಸಿದಳು, ಲಾರಿ ಕಲಿಯಬೇಕು.

ತಾವೇ ಕಲಿಸಿ, ಲೈಸೆನ್ಸ್ ಕೊಡಿಸಿ, ಕೆಲಸವನ್ನೂ ಕೊಡುವ ಎರಡು ಕಂಪನಿಗಳು ಅವಳ ಅರ್ಜಿ ಒಪ್ಪಿದ್ದವು. ಕಲಿತ ಮೇಲೆ ಒಂದು ವರ್ಷ ಅದೇ ಕಂಪನಿಗೆ ದುಡಿಯಬೇಕು, ನಡುವೆ ಬಿಡುವಂತಿಲ್ಲ. ಒಂದರ ಲಾರಿಗಳ ಬಾಗಿಲ ಮೇಲೆ ಕುದುರೆ ಲಾಳ, ಇನ್ನೊಂದರ ಮೇಲೆ ಕೊಕ್ಕರೆ. ಲಾಳದವರು ಸೋಮವಾರವೇ ಬಾ, ಇವತ್ತು ಐದರೊಳಗೆ ಉತ್ತರ ಹೇಳು ಎನ್ನುತ್ತಿದ್ದರು. ಕೊಕ್ಕರೆಯವರಲ್ಲಿ ಆರು ವಾರ ಕಾಯಬೇಕು. ಶಾಲೆ ಮುಗಿದ ಮೇಲೆ ಒಂದು ತಿಂಗಳು ಗುರುವಿನ, ಅಂದರೆ ಕಲಿಸುವ ಹಳೆಯ ಡ್ರೈವರಿನ, ಲಾರಿಯಲ್ಲೇ ಉಂಡು ಮಲಗಿ ಕಲಿಯಬೇಕಲ್ಲ, ಹೆಂಗಸಿಗೆ ಹೆಂಗಸೇ ಕಲಿಸಲಿ ಎಂಬುದು ಅವರ ನಿಯಮ. ಅಂಥ ಗುರುಗಳು ಅವರಲ್ಲಿ ಕಡಿಮೆ.

ಅಡುಗೆಮನೆಯ ನಡೀನ್ ಎಲೆಕೋಸು, ಮಾಂಸ ತುಂಬಿದ ಬನ್ನನ್ನು ತಂದು ಅವಳ ಮುಂದೆ ಕುಕ್ಕಿದಳು.

"ತಿನ್ನೇ ಮಾರಾಯ್ತಿ. ನಿನ್ನ ನೋಡಿ ನನಗೆ ತಲೆ ತಿರುಗ್ತಿದೆ. ಏನ್ ತೀರ್ಮಾನ ಮಾಡ್ದೆ?"

"ಲಾಳದೋರು. ಸೋಮವಾರ."

"ಅವ್ರಾ? ಅವ್ರತ್ರ ಕಲಿಯೋ ಹುಡುಗರು ಮುಖ ತೊಳೆಯೋ ಸಿಂಕಲ್ಲಿ ತಲೆ ಅದ್ದೋದು ನೀನೇ ತಾನೆ ಹೇಳ್ತಿದ್ದೋಳು?"

"ಯಾವಾಗ್ಲೋ ಒಂದ್ಸಲ ಅಂದಿರ್ಬೋದು."

"ಹನ್ನೊಂದು ವರ್ಷ ಅಂದಿದೀಯ, ಅಕ್ಕ!"

ಟ್ವೈಲಾಗೆ ರೇಗಿಹೋಯಿತು. ನಿಜವಾದ ಮಾತಿಗೇ ಅಲ್ಲವೇ ಹೆಚ್ಚು ರೇಗುವುದು? ಅಲ್ಲಿನ ಪದ್ಧತಿ ಹೀಗೆ: ಡೀಸೆಲ್ ಟ್ಯಾಂಕು ತುಂಬಿಸಿದವನ ಗ್ರಾಹಕ ಕಾರ್ಡಿಗೆ ಒಂದು ಸ್ನಾನ ಪುಕ್ಕಟೆ. ಕಾರ್ಡು ಗುರುವಿನದು, ಶಿಷ್ಯನಿಗೆ ಏನೂ ಇಲ್ಲ. ಕೊಕ್ಕರೆಯ ಗುರುಗಳು ಬಂದರೆ, "ಮೊದಲು ಇವನಿಗೆ ಕೊಡಮ್ಮ, ನಾಳೇದು ನನಗೆ" ಎನ್ನುತ್ತಿದ್ದರು. ಲಾಳದವರು ತಾವು ಮಿಂದು ಹೊರಗೆ ಬರುತ್ತಿದ್ದರು. ಶಿಷ್ಯ ಶೌಚಾಲಯದ ಸಿಂಕಿನಲ್ಲಿ ಕಂಕುಳು ಒರೆಸಿಕೊಳ್ಳುತ್ತಿದ್ದ. ಕಂಪನಿಗಳ ಜಾತಕವನ್ನು ಟ್ವೈಲಾಗಿಂತ ಚೆನ್ನಾಗಿ ಬಲ್ಲವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಆದರೆ ಹೊರಡುವ ಹುಚ್ಚು ಹಿಡಿದವಳಿಗೆ ಕಂಡದ್ದೂ ಕಾಣುವುದಿಲ್ಲ.

ನಾಲ್ಕೂಕಾಲಿಗೆ ಲಾಳದ ಲಾರಿಯೊಂದು ಬಂದು ನಿಂತಿತು. ವೆಂಡಲ್ ಎಂಬ ದಪ್ಪ ಮೀಸೆಯ ಡ್ರೈವರ್ ಕಾರ್ಡು ಎಸೆದು, ಹದಿನೇಳನೆಯ ನಂಬರು ಪಡೆದು, ಸೂಪಿನ ಬಟ್ಟಲು ಹಿಡಿದು ಕುಳಿತ. ಅವನ ಹಿಂದೆ ಬಂದ ಶಿಷ್ಯ ಹುಡುಗನಲ್ಲ, ಐವತ್ತೈದರ ಮನುಷ್ಯ. ಹೆಗಲ ಮೇಲೆ ಒಂದು ಟವೆಲು. ಟ್ವೈಲಾಳ ಮುಖ ನೋಡದೆ ಸೀದಾ ಶೌಚಾಲಯದತ್ತ ನಡೆದ.

ಇವಳ ಕಾಲು ನಿಲ್ಲಲಿಲ್ಲ. ಬಾಗಿಲಲ್ಲೇ ಅಡ್ಡ ಹಾಕಿದಳು. "ಎಷ್ಟು ದಿನ ಆಯ್ತಪ್ಪ ಮಿಂದು?"

ಅವನು ನಾಚಿಕೊಂಡ. "ಒಂಬತ್ತು. ಹತ್ರ ಬರ್ಬೇಡಮ್ಮ."

ಅವನ ಹೆಸರು ಓರಿನ್. ಕ್ಯಾನ್ಸಸ್‌ನ ಸಣ್ಣ ಊರಿನಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದವನು. "ಮೂವತ್ತು ವರ್ಷ ಊರೋರ ತಲೆ ತೊಳೆದೆ. ಈಗ ನೋಡು, ನನ್ನ ತಲೆಗೇ ನೀರಿಲ್ಲ" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು.

"ಏನಾದ್ರೂ ಕಲಿಸಿದ್ನಾ?"

"ರಾತ್ರಿ ಎಲ್ಲಾ ನಾನು ಓಡಿಸ್ತೀನಿ, ಅವ್ನು ಮಲಗಿರ್ತಾನೆ. ಹಿಂದಕ್ಕೆ ತಗೊಂಡು ನಿಲ್ಲಿಸೋದು ಹೇಳ್ಕೊಡು ಅಂದ್ರೆ, ಟೈಮಿಲ್ಲ ಅಂತಾನೆ. ಬಿಟ್ಟು ಹೋಗೋಣ ಅಂದ್ರೆ ಸಹಿ ಹಾಕ್ಬಿಟ್ಟಿದೀನಿ. ಇವ್ನ ಲಾರಿಲಿ ಇನ್ನೂ ಹತ್ತೊಂಬತ್ತು ದಿನ."

ಟ್ವೈಲಾ ಗಲ್ಲಾಕ್ಕೆ ಬಂದು ಮೈಕು ಕೈಗೆತ್ತಿಕೊಂಡಳು. "ಹದಿನೆಂಟನೆಯ ನಂಬರಿನ ಓರಿನ್ ಅವರೇ, ಒಂದನೇ ಕೋಣೆ ಸಿದ್ಧವಾಗಿದೆ." ದನಿ ಅಡುಗೆಮನೆ ದಾಟಿ ಪಂಪುಗಳ ತನಕ ಕೇಳಿಸಿತು. ಸ್ನಾನದ ಹಣವನ್ನು ತನ್ನ ಜೇಬಿನಿಂದಲೇ ಗಲ್ಲಾಕ್ಕೆ ಹಾಕಿದಳು.

ವೆಂಡಲ್ ಚಮಚ ಹಿಡಿದೇ ಎದ್ದು ಬಂದ. "ಏನಮ್ಮಾ, ಲೆಕ್ಕ ಬರಲ್ವಾ ನಿಂಗೆ? ಹದಿನೇಳು ನಂದು. ಡೀಸೆಲ್ ಹಾಕ್ಸಿದೋನು ನಾನು."

"ರಾತ್ರಿ ಅದನ್ನ ಓಡ್ಸಿದೋನು ಯಾರು?"

"ಅವ್ನು ಕಲಿಯೋಕೆ ಬಂದಿರೋದು. ಕಷ್ಟ ಪಡ್ಲಿ. ನಾನೂ ಹಂಗೇ ಕಲ್ತೆ."

"ಅದಕ್ಕೇ ಹಿಂಗಾಗಿದೀಯ."

ಸೋಮವಾರ ಬಾ ಎಂದು ಟ್ವೈಲಾಗೆ ಬಂದಿದ್ದ ಲಾಳದ ಗುರುತಿನ ಪತ್ರ ಗಲ್ಲಾದ ಮೇಲೆ ಅವನ ಕಣ್ಣಿಗೆ ಬಿತ್ತು. ಮೀಸೆಯಡಿಯಿಂದ ಹಲ್ಲು ಗಿಂಜಿದ. "ಓಹೋ! ಸೋಮವಾರ ನಮ್ಮ ಶಾಲೆಗೇ ಬರ್ತಿದೀಯಾ ತಾಯಿ? ಬಾ, ಬಾ. ಇವ್ನದು ಮುಗಿದ್ಮೇಲೆ ನನ್ನ ಲಾರಿಲಿ ಮೇಲಿನ ಹಾಸಿಗೆ ಖಾಲಿ."

ನಡೀನ್ ಅಡುಗೆಮನೆಯಿಂದ ಬಾಣಲೆ ಹಿಡಿದೇ ಇಣುಕಿದಳು. ಟ್ವೈಲಾ ಪತ್ರವನ್ನು ಮಡಚಿ ಜೇಬಿಗೆ ತುರುಕಿದಳು.

ಐದಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಲಾಳದ ಕಂಪನಿಗೆ ಜನ ಸೇರಿಸುವವನದು ಜೇನಿನಂಥ ಮಾತು. ಬಸ್ಸಿನ ಟಿಕೆಟು ಸಿದ್ಧವಿದೆ, ಹೊಸ ಲಾರಿ, ಕ್ಯಾಲಿಫೋರ್ನಿಯಾ ದಾರಿ, ಸಮುದ್ರ. ಸಮುದ್ರ ಎಂದಾಗ ಅವಳ ಮನಸ್ಸು ಹಾರಿತು. ಅದು ಸುಳ್ಳಲ್ಲ. ಮೂಗಿಗೆ ತುಪ್ಪ ಸವರುವವರಿಗೆ ಯಾವ ಮೂಗಿಗೆ ಎಷ್ಟು ಎಂಬುದು ಗೊತ್ತೇ ಇರುತ್ತದೆ.

"ಒಂದು ಪ್ರಶ್ನೆ" ಎಂದಳು. "ನಿಮ್ಮಲ್ಲಿ ಕಲಿಯೋರಿಗೆ ಸ್ನಾನ ಯಾರ ಲೆಕ್ಕ?"

"ಅದು... ಅದು ನೀವು, ನಿಮ್ಮ ಗುರು ಮಾತಾಡ್ಕೋಬೇಕು ಮೇಡಂ. ಯಾರೂ ಇದನ್ನ ಕೇಳಿಲ್ಲ."

"ನಾನು ಕೇಳ್ತಿದೀನಿ. ನಿಮ್ಮ ಸೀಟು ಬೇಡ."

ಫೋನಿಟ್ಟಳು. ಮತ್ತೆ ಎತ್ತಿ ಕೊಕ್ಕರೆಯವರ ನಂಬರು ಒತ್ತಿ ಅದೇ ಪ್ರಶ್ನೆ ಕೇಳಿದಳು. "ಮೊದಲ ದಿನವೇ ನಿಮ್ಮ ಹೆಸರಿಗೇ ಕಾರ್ಡು ಕೊಡ್ತೀವಿ. ಆದ್ರೆ ಆರು ವಾರ ಕಾಯ್ಬೇಕು" ಎಂದಿತು ಆ ಕಡೆಯ ಹೆಣ್ಣು ದನಿ. ಟ್ವೈಲಾ ಹೆಸರು ಬರೆಸಿದಳು.

"ಆರು ವಾರ!" ನಡೀನ್ ತಲೆ ಚಚ್ಚಿಕೊಂಡಳು. "ನೀನು ಆರು ನಿಮಿಷ ಒಂದ್ಕಡೆ ನಿಲ್ಲಲ್ವಲ್ಲೇ. ಅಷ್ಟರಲ್ಲಿ ಈ ನೆಲ ಸವೆಸ್ತೀಯ."

"ಸವೀಲಿ ಬಿಡು, ಇದೇನ್ ನಿಮ್ಮಪ್ಪಂದಾ?"

ಓರಿನ್ ಹೊರಗೆ ಬಂದ. ಒದ್ದೆ ಕೂದಲನ್ನು ಕ್ಷೌರಿಕನ ಅಚ್ಚುಕಟ್ಟಿನಲ್ಲಿ ಬಾಚಿದ್ದ. ಅವಳತ್ತ ತಲೆಯಾಡಿಸಿ ಲಾರಿಯತ್ತ ನಡೆದ. ಅವನಿಗಿನ್ನೂ ಹತ್ತೊಂಬತ್ತು ದಿನ ಬಾಕಿ. ಅದಕ್ಕೆ ಇವಳು ಏನೂ ಮಾಡುವಂತಿರಲಿಲ್ಲ.

ವೆಂಡಲ್ ಗಡಿಯಾರ ನೋಡಿ ಮೇಜು ಕುಟ್ಟಿದ.

ಟ್ವೈಲಾ ಬಲಗಾಲು ಕುಣಿಸುತ್ತಲೇ ಮೈಕು ಎಳೆದುಕೊಂಡಳು. ನಾಲ್ಕನೇ ಕೋಣೆಯಲ್ಲಿ ತಿಂಗಳಿಂದ ಬಿಸಿನೀರು ಬರುತ್ತಿರಲಿಲ್ಲ. ಆ ಕೋಣೆಯನ್ನು ಯಾರಿಗೂ ಕೊಡುತ್ತಿರಲಿಲ್ಲ.

"ಹದಿನೇಳನೆಯ ನಂಬರಿನವರೇ," ಎಂದು ಬಹಳ ಮರ್ಯಾದೆಯಿಂದ ಕೂಗಿದಳು, "ನಾಲ್ಕನೇ ಕೋಣೆ ಸಿದ್ಧವಾಗಿದೆ."