ಕಾಲಿಗೆ ಪಟ್ಟಿ ಕೊಟ್ಟ ಮೇಜು

ಸೊಸೆ ಟೇಪು ಹಿಡಿದು ಗಾಲಿಕುರ್ಚಿಯ ಅಳತೆ ತೆಗೆಯುತ್ತಿದ್ದರೆ, ಅದರಲ್ಲಿ ಕೂತಿದ್ದ ಮಾವ ಕತ್ತು ಬಗ್ಗಿಸಿ ನೋಡಿದರು.

"ಏನಮ್ಮಾ ಟೈಲರಮ್ಮ, ನನ್ನ ಗಾಡಿಗೆ ಪ್ಯಾಂಟ್ ಹೊಲಿತೀಯಾ?"

"ಹೂಂ ಮಾವ. ಅಲ್ಲಾಡ್ಬೇಡಿ, ಆಮೇಲೆ ಬಿಗಿ ಆಯ್ತು ಅಂತೀರ."

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿದದ್ದಕ್ಕಿಂತ ಹಳೆಯದನ್ನು ಸರಿಮಾಡಿ ಕೊಟ್ಟದ್ದೇ ಹೆಚ್ಚು. ಮಾವ ಬಸ್ ಡ್ರೈವರ್ ಆಗಿದ್ದವರು. ಸೊಂಟ ಮುರಿದು ಗಾಲಿಕುರ್ಚಿಗೆ ಬಂದ ಮೇಲೂ ಅವರ ಬಾಯಿ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಆದರೆ ಒಂದು ದಿನ ಊಟಕ್ಕೆ ಬಂದಾಗ ಕುರ್ಚಿಯ ಕೈ ಗಿಡ್ಡ ಮೇಜಿನ ಅಂಚಿಗೆ ಬಡಿದು, ತಟ್ಟೆ, ನೀರು ಎಲ್ಲ ಮೊಮ್ಮಗಳ ಮಡಿಲಿಗೆ ಬಿತ್ತು. ಮರುದಿನ ಅವರೇ, "ನನ್ನ ತಟ್ಟೆ ರೂಮಿಗೇ ಕಳಿಸಮ್ಮ, ಡಿಪೋದಲ್ಲೇ ಡೀಸೆಲ್ ಹಾಕಿಸ್ಕೋತೀನಿ" ಎಂದು ನಕ್ಕರು. ಆಮೇಲೆ ಅವರ ಊಟವೆಲ್ಲ ಗೋಡೆಗೆ ಮುಖ ಮಾಡಿಯೇ ನಡೆಯಿತು.

ಆ ನಗುವನ್ನು ಸೊಸೆ ನಂಬಲಿಲ್ಲ. ಮಾವನನ್ನು ಮತ್ತೆ ಎಲ್ಲರ ಜೊತೆ ಊಟಕ್ಕೆ ಕೂರಿಸಬೇಕು. ಅದಕ್ಕೆ ಗಾಲಿಕುರ್ಚಿ ಸಲೀಸಾಗಿ ಒಳಗೆ ನುಗ್ಗುವಷ್ಟು ಎತ್ತರದ ಮೇಜು ಬೇಕು.

ಅದು ಸಿಕ್ಕಿದ್ದು ಹಳೆ ಸಾಮಾನಿನ ಅಂಗಡಿಯ ಹಿತ್ತಲಲ್ಲಿ. ಯಾವುದೋ ಆಫೀಸಿನ ತೇಗದ ಮೇಜು, ಎರಡು ತುದಿಗೂ ಅಗಲವಾದ ಡ್ರಾಯರು. ಒಂದು ತುದಿಯ ಎರಡು ಕಾಲು ನೀರಲ್ಲಿ ನಿಂತು ಕೊಳೆತಿದ್ದವು. "ಸೊಂಟದಿಂದ ಮೇಲೆ ಮಹಾರಾಜ, ಕೆಳಗೆ ಸ್ವಲ್ಪ ಕಾಯಿಲೆ" ಎಂದ ಅಂಗಡಿಯವನು. ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ ಗಂಡ ಅದನ್ನು ಮನೆಗೆ ತಂದಿಳಿಸಿ ಸೊಂಟ ಹಿಡಿದುಕೊಂಡ.

"ಇದನ್ನ ರಿಪೇರಿ ಮಾಡೋ ಹೊತ್ತಿಗೆ ನಾವೇ ಹಳೇ ಸಾಮಾನಾಗ್ತೀವಿ."

"ನೀವು ಆಗ್ಲೇ ಆಗಿದ್ದೀರಿ. ಆ ಕಡೆ ಎತ್ತಿ."

ಮಹಡಿಯ ತಾರಸಿಯ ಮೇಲೆ ಕೆಲಸ ಶುರುವಾಯಿತು. ಮೊಣಕಾಲಿಗೆ ತಾಗುವ ಡ್ರಾಯರುಗಳನ್ನು ಕಿತ್ತು ಮೂಲೆಗಿಟ್ಟಳು. ಎಷ್ಟೋ ಕೈಗಳ ಜಿಡ್ಡು ಕುಡಿದ ಕಪ್ಪು ಬಣ್ಣವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಉಜ್ಜಿ ತೆಗೆದಾಗ, ಕೆಳಗಿನಿಂದ ಜೇನಿನ ಬಣ್ಣ ಕಣ್ಣು ಬಿಟ್ಟಿತು. ಕೊಳೆತ ಕಾಲುಗಳ ತುದಿ ಕೊಯ್ದಳು. ಪಕ್ಕದ ಮನೆಯ ಗಾರೆಯವರಿಂದ ಮಟ್ಟ ನೋಡುವ ರಸಮಟ್ಟ ತಂದು ಮೇಜಿನ ಮೇಲಿಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೆ ಗಟ್ಟಿ ಕಾಲುಗಳನ್ನೂ ಚೂರುಚೂರೇ ಕೊಯ್ದಳು. ಕೊನೆಗೆ ಎಣ್ಣೆ ತಿಕ್ಕಿ ಹಿಂದೆ ಸರಿದು ನೋಡಿದರೆ, ಮದುವೆಗೆ ಹೊರಟ ಹಾಗಿತ್ತು ಮೇಜು.

ಭಾನುವಾರ ಅದು ತಾರಸಿಯಿಂದ ಮನೆಯ ಹಾಲಿಗೆ ಇಳಿಯಿತು. ಮೊಮ್ಮಗಳು ತಟ್ಟೆ ಜೋಡಿಸಿ, ನಡುವೆ ಒಂದು ನಿಂಬೆಹಣ್ಣು ಇಟ್ಟಳು. ಹಣ್ಣು ಒಂದು ಕ್ಷಣ ಯೋಚಿಸಿ, ಮಾವನ ಜಾಗದ ಕಡೆಗೆ ಉರುಳಿಕೊಂಡು ಹೋಗಿ ಧೊಪ್ಪನೆ ಕೆಳಗೆ ಬಿತ್ತು.

"ಅಮ್ಮಾ, ನಿಂಬೆಹಣ್ಣು ತಾತನ ಪಾರ್ಟಿ!"

ಅಷ್ಟರಲ್ಲಿ ಮಾವ ಬಂದೇಬಿಟ್ಟರು, ಇಸ್ತ್ರಿಯಾದ ಅಂಗಿ ತೊಟ್ಟು. ಕುರ್ಚಿಯ ಕೈ ಅಂಚಿಗೆ ಟಕ್ಕೆಂದು ಬಡಿಯಿತು. ಲೋಟದ ನೀರು ಕುಲುಕಿತು. ಅವರು ಚಕ್ರ ಹಿಂದಕ್ಕೆ ತಿರುಗಿಸಿದರು.

"ಚೆನ್ನಾಗಿದೆಯಮ್ಮ. ನೀವು ಕೂತ್ಕೊಳ್ಳಿ."

"ರಸಮಟ್ಟ ಸುಳ್ಳು ಹೇಳ್ತಾ?" ಎಂದ ಗಂಡ.

ಟೈಲರಮ್ಮ ನಿಂತಲ್ಲೇ ಹಣೆ ಚಚ್ಚಿಕೊಂಡಳು. ಸುಳ್ಳು ಹೇಳಿದ್ದು ತಾರಸಿ! ನೀರು ಹರಿದುಹೋಗಲೆಂದು ಅದರ ನೆಲವನ್ನೇ ಇಳಿಜಾರು ಮಾಡಿದ್ದರು. ವಾರವಾರ ತೊಳೆದು, ನೀರನ್ನು ತಗ್ಗಿನ ಮೂಲೆಗೆ ತಳ್ಳುತ್ತಿದ್ದವಳು ತಾನೇ. ಅಲ್ಲಿ ಸಮ ಮಾಡಿದ ಮೇಜು ಇಲ್ಲಿ ವಾಲದೆ ಇನ್ನೇನು ಮಾಡೀತು? ತಾರಸಿಯ ಎತ್ತರದ ಕಡೆ ನಿಂತಿದ್ದ ಗಟ್ಟಿ ಕಾಲುಗಳೇ, ಅಂದರೆ ಈಗ ಮಾವನ ಕಡೆಯವು, ಕೊಳೆತ ಕಾಲುಗಳಿಗಿಂತ ಗಿಡ್ಡವಾಗಿ ಕೂತಿದ್ದವು.

"ಆ ಕಡೇನೂ ಕೊಯ್ದುಬಿಡು, ಸಮ ಆಗುತ್ತೆ" ಎಂದ ಗಂಡ.

"ಆಗ ಯಾವ ಕಡೆಯಿಂದ್ಲೂ ಮಾವನ ಗಾಡಿ ಒಳಗೆ ಹೋಗಲ್ಲ."

"ಹಂಗಾದ್ರೆ ಈ ಎರಡು ಕಾಲಿಗೆ ಇಟ್ಟಿಗೆ ಕೊಡೋಣ."

ರೂಮಿನ ಬಾಗಿಲಿಂದ ಮಾವನ ದನಿ ಬಂತು. "ಇಟ್ಟಿಗೆ ಮೇಲೆ ನಿಲ್ಲಿಸೋದು ಕೆಟ್ಟು ನಿಂತ ಗಾಡೀನ ಕಣೋ. ಬೇಡ ಬಿಡಿ."

ಅವರು ಹೇಳಿದ್ದು ಬರೀ ಮೇಜಿನ ಮಾತಲ್ಲ ಎಂಬುದು ಅವಳಿಗೆ ತಿಳಿಯಿತು. ತಮ್ಮ ಜಾಗದ ಕೆಳಗೆ ಮಾತ್ರ ಊರುಗೋಲು ಕೊಟ್ಟ ಮೇಜಿಗೆ ಅವರು ಬರುವವರಲ್ಲ. ಆದರೆ ಅವಳ ಅಂಗಡಿಗೆ ದಿನಾ ಬರುತ್ತಿದ್ದದ್ದು ಇದೇ ತೊಂದರೆ ತಾನೇ! ಒಂದು ಮೊಣಕಾಲು ಹರಿದ ಪ್ಯಾಂಟನ್ನು ಯಾರಾದರೂ ತಂದರೆ, ಅವಳು ಎರಡೂ ಮೊಣಕಾಲಿಗೆ ಪಟ್ಟಿ ಕೊಡುತ್ತಿದ್ದಳು. ಒಂದಕ್ಕೆ ಕೊಟ್ಟರೆ ತೇಪೆ, ಎರಡಕ್ಕೂ ಕೊಟ್ಟರೆ ಫ್ಯಾಷನ್ನು.

"ರೀ, ತಾರಸಿಯಿಂದ ಆ ಡ್ರಾಯರ್ ತನ್ನಿ. ಗರಗಸಾನೂ."

"ಈಗ್ಲಾ? ಊಟ?"

"ಊಟ ಮೇಜಿನ ಮೇಲೆ ತಾನೇ ಮಾಡೋದು? ಮೇಜು ಆಗ್ಲಿ."

ಡ್ರಾಯರಿನ ಹಲಗೆಯೂ ಅದೇ ಮರ, ಅದೇ ವಯಸ್ಸು. ಈ ಸಲ ಹಾಲಿನ ನೆಲದ ಮೇಲೆಯೇ ಅಳೆದಳು. ಗಿಡ್ಡ ಕಾಲುಗಳಿಗೆ ದಪ್ಪ ತುಂಡು, ಉದ್ದ ಕಾಲುಗಳಿಗೆ ತೆಳು ತುಂಡು. ನಾಲ್ಕಕ್ಕೂ ಅಂಚು ಒಂದಿಷ್ಟು ಹೊರಗೆ ಚಾಚಿದ ಒಂದೇ ನಮೂನೆಯ ಪಾದ. ಅಂಟು ಹಚ್ಚಿ ಕೆಳಗಿನಿಂದ ಉದ್ದನೆಯ ಸ್ಕ್ರೂ ಬಿಗಿದಳು. ಗಂಡ ಮೇಜನ್ನು ಹೊರಳಿಸುತ್ತ, "ನನಗೂ ಒಂದು ಜೊತೆ ಹಾಕು, ಎತ್ತರ ಕಾಣ್ತೀನಿ" ಎಂದ. ಮಾವ ರೂಮಿನಿಂದ ಕುರ್ಚಿ ತುಸುವೇ ಹೊರಗೆ ತಂದು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಇನ್ನೂ ತುಸು.

ಮೇಜು ಎದ್ದು ನಿಂತಿತು. ಬೂಟು ತೊಟ್ಟವರ ಗತ್ತು ಅದಕ್ಕೆ.

"ಇದು ನನಗೋಸ್ಕರ ಹಾಕಿದ್ದಾ?" ಎಂದರು ಮಾವ.

"ಅಲ್ಲ ಮಾವ. ನಾಲ್ಕು ಕಾಲಿಗೂ ಹಾಕಿದೀನಲ್ಲ, ಎಲ್ಲರಿಗೋಸ್ಕರ."

ಅವರು ನಾಲ್ಕೂ ಕಾಲುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಚಕ್ರಕ್ಕೆ ಕೈ ಹಾಕಿದರು.

"ರೈಟ್... ರೈಟ್... ಬರ್ಲಿ ತಾತ, ಬರ್ಲಿ," ಮೊಮ್ಮಗಳು ಕಂಡಕ್ಟರಿನಂತೆ ಮೇಜಿನ ಅಂಚು ಬಡಿದಳು. "ಹೋಲ್ಡಾನ್!"

ಕುರ್ಚಿಯ ಕೈಗಳು ಮೇಜಿನ ಕೆಳಗೆ ಸದ್ದಿಲ್ಲದೆ ಸರಿದು ನಿಂತವು. ಮಾವನ ಎದೆ ಅಂಚಿಗೆ ಬಂತು, ತಟ್ಟೆ ಕೈಗೆ ಬಂತು.

ಮೊಮ್ಮಗಳು ನಿಂಬೆಹಣ್ಣನ್ನು ಮತ್ತೆ ನಡುವೆ ಇಟ್ಟು ಕೈ ಬಿಟ್ಟಳು. ಎಲ್ಲರೂ ಅದನ್ನೇ ನೋಡಿದರು. ಟೈಲರಮ್ಮ ಮಾತ್ರ ಅತ್ತ ತಿರುಗದೆ ಬಡಿಸತೊಡಗಿದ್ದಳು.

ಹಣ್ಣು ಅಲ್ಲಾಡಲಿಲ್ಲ.

"ಅದನ್ನೇನು ದೇವರನ್ನ ನೋಡೋ ಹಾಗೆ ನೋಡ್ತಾ ಕೂತ್ರಿ? ಕೊಯ್ದು ಈ ಕಡೆ ಕೊಡ್ರೋ," ಎಂದರು ಮಾವ. "ಮತ್ತೆ ಟೈಲರಮ್ಮ, ಇನ್ಮೇಲೆ ರೂಮಿಗೆ ತಟ್ಟೆ ಕಳಿಸ್ಬೇಡ. ಗಾಡಿ ಇಲ್ಲೇ ಹಾಲ್ಟು."