ನಲವತ್ತೆಂಟು ಪೊಟ್ಟಣ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗಿರಿರಾಜ್ ತೀರಿಕೊಂಡ. ವಯಸ್ಸು ಇಪ್ಪತ್ತೊಂಬತ್ತು. ತನಗೆ ಅಂಟಿದೆ ಎಂದು ಅವನು ಹೆದರಿದ್ದ ರೋಗ ಅವನಿಗಿರಲಿಲ್ಲ.

ಮೂರು ತಿಂಗಳ ಹಿಂದೆ ಅತ್ತಿಗುಪ್ಪೆಯ ಅವನ ಮನೆಯಲ್ಲಿ ಮದುವೆಯದೇ ಮಾತು. ನೀಲಾಂಬಿಕಾ ಎಂಬ ಹುಡುಗಿಯೊಂದಿಗೆ ಅವನ ನಿಶ್ಚಿತಾರ್ಥ ಮುಗಿದಿತ್ತು. ತಾಯಿ ಕಲ್ಯಾಣಮ್ಮ ಸೀರೆಗಳಿಗೆ ಫಾಲ್ ಹಾಕಿಸಲು ಓಡಾಡುತ್ತಿದ್ದರು. ಗಿರಿರಾಜ್ ಮಾತ್ರ ತನ್ನ ತಟ್ಟೆ, ಲೋಟ, ಟವೆಲು ಬೇರೆ ಇಟ್ಟುಕೊಂಡ.

ತಂಗಿ ವಚನಾ ನರ್ಸಿಂಗ್ ಓದುತ್ತಿದ್ದಳು. ಅವಳು ಒತ್ತಾಯಿಸಿದಾಗ ಬಾಯಿಬಿಟ್ಟ: ನಿಶ್ಚಿತಾರ್ಥಕ್ಕೆ ಮುಂಚೆ, ಗೆಳೆಯನ ಮದುವೆಗೆಂದು ದಾವಣಗೆರೆಗೆ ಹೋದಾಗ, ಒಬ್ಬಳನ್ನು ಒಮ್ಮೆ ಕೂಡಿದ್ದ.

"ಕಾಂಡೋಮ್ ಇತ್ತಾ?"

"ಇತ್ತು."

"ಹರೀತಾ?"

"ಇಲ್ಲ ಕಣೇ."

"ಹಾಗಾದ್ರೆ ಅಪಾಯ ತೀರಾ ಕಡಿಮೆ. ಎರಡು ತಿಂಗಳೂ ದಾಟಿದೆ, ಪರೀಕ್ಷೇಲಿ ಈಗ ಗೊತ್ತಾಗುತ್ತೆ. ಸರ್ಕಾರಿ ಆಸ್ಪತ್ರೇಲಿ ಫ್ರೀಯಾಗಿ ರಕ್ತ ನೋಡ್ತಾರೆ, ಯಾರಿಗೂ ಹೇಳಲ್ಲ. ನಾಳೆ ಹೋಗೋಣ. ಲೋಟದಿಂದ ಏನೂ ಅಂಟಲ್ಲ, ಆ ನಾಟಕ ಬಿಡು."

ಹೋದರು. ಎಚ್‌ಐವಿ ಪರೀಕ್ಷೆಯ ಕೋಣೆಯ ಮುಂದೆ ಕೂತಿದ್ದಾಗ ಎದುರುಮನೆಯ ಮುನಿತಾಯಮ್ಮ ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಬಂದವರು ನಿಂತರು. "ಏನಪ್ಪಾ ಮದುಮಗ, ಈ ಬಾಗ್ಲಲ್ಲಿ?"

ಗಿರಿರಾಜ್ ರಕ್ತ ಕೊಡದೆ ಎದ್ದುಬಂದ. ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿತ್ತು. ನಮ್ಮಲ್ಲಿ ಸಕ್ಕರೆ ಕಾಯಿಲೆಯನ್ನು ಬೀದಿಯಲ್ಲಿ ನಿಂತು ಹೇಳಿಕೊಳ್ಳಬಹುದು. ಇನ್ನೊಂದನ್ನು ಪರೀಕ್ಷಿಸಿಕೊಂಡರೂ ಕಳಂಕ.

ತಂದೆ ಬಸವಲಿಂಗಪ್ಪ ರೇಗಲಿಲ್ಲ. ದನಿ ತಗ್ಗಿಸಿದರು. "ಆ ಬಾಗಿಲಲ್ಲಿ ಕೂತೋನಿಗೆ ಇದೆ ಅಂತಾನೇ ಅರ್ಥ. ಇನ್ನು ಆ ಕಡೆ ಹೋಗಕೂಡದು."

"ಅಪ್ಪಾ, ನೋಡಿಸಿದ್ರೆ ಇಲ್ಲ ಅಂತ ಗೊತ್ತಾಗುತ್ತೆ."

"ಗೊತ್ತಾಗೋದು ನಮಗೆ. ಬೀದಿಗೆ ಗೊತ್ತಾಗೋದು ಹೋಗಿದ್ದಷ್ಟೇ. ಹೆಣ್ಣುಮಗಳು ನೀನು, ಇದ್ರಲ್ಲಿ ಬಾಯಿ ಹಾಕ್ಬೇಡ."

ಅವರೇ ಕಾಮಾಕ್ಷಿಪಾಳ್ಯದ ಒಬ್ಬ ನಾಟಿ ವೈದ್ಯನ ಬಳಿ ಹೋಗಿ ರಕ್ತಶುದ್ಧಿಯ ಪುಡಿ ತಂದರು. ಒಂದು ಮಂಡಲಕ್ಕೆ ನಲವತ್ತೆಂಟು ಪೊಟ್ಟಣ. ಕಲ್ಯಾಣಮ್ಮ ದಿನವೂ ಜೇನುತುಪ್ಪದಲ್ಲಿ ಕಲಸಿ ಮಗನ ಕೈಗಿತ್ತರು. ವಚನಾ ಪುಡಿ ನೋಡಬೇಕೆಂದಾಗ ತಂದೆ ಅದನ್ನು ವಿಭೂತಿಯ ಪಕ್ಕದಲ್ಲಿಟ್ಟು ಪೂಜೆಯ ಕಪಾಟಿಗೆ ಬೀಗ ಹಾಕಿದರು.

ಮೂವತ್ತನೆಯ ದಿನ ಗಿರಿರಾಜನ ಕಾಲು ಊದಿತು.

"ಡಾಕ್ಟರಿಗೆ ತೋರಿಸೋಣ," ಎಂದಳು ವಚನಾ.

"ಮಂಡಲ ತುಂಬ್ಲಿ," ಎಂದರು ಬಸವಲಿಂಗಪ್ಪ.

ಮೂವತ್ತಾರನೆಯ ದಿನ ಅವನು ಮೆಟ್ರೊ ನಿಲ್ದಾಣದ ಮೆಟ್ಟಿಲಲ್ಲಿ ಕುಸಿದ. ಅಪರಿಚಿತರು ಆಸ್ಪತ್ರೆಗೆ ಸೇರಿಸಿದರು. ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿದ್ದವು. ಪುಡಿಯಲ್ಲಿ ಪಾದರಸವಿದ್ದೀತು ಎಂದರು ವೈದ್ಯರು. ಡಯಾಲಿಸಿಸ್‌ಗೆ ಮುನ್ನ ಎಲ್ಲರಿಗೂ ಮಾಡುವ ರಕ್ತಪರೀಕ್ಷೆ ಅವನಿಗೂ ಆಯಿತು. ವಚನಾ ವರದಿ ಹಿಡಿದು ಮಂಚದ ಬಳಿ ಕೂತಳು.

"ಅಣ್ಣಾ, ಎಚ್‌ಐವಿ ಇಲ್ಲ. ಬೇರೆ ಯಾವುದೂ ಇಲ್ಲ."

"ಖಂಡಿತಾನಾ?"

"ಖಂಡಿತ."

ಅವನು ಅವಳ ಚೀಲದತ್ತ ಕೈ ಚಾಚಿದ. "ಹಾಗಾದ್ರೆ ನಿನ್ನ ಬಾಟ್ಲಿಯಿಂದ ಒಂದು ಗುಟುಕು ಕೊಡು."

ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ಅವನು ಹೋದ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದವರಿಗೆಲ್ಲ ಬಸವಲಿಂಗಪ್ಪ "ಕಾಮಾಲೆ ಆಗಿತ್ತು" ಎನ್ನುತ್ತಿದ್ದರು. ಮುನಿತಾಯಮ್ಮ ಇದ್ದರು, ನೀಲಾಂಬಿಕಾ ಇದ್ದಳು.

"ಕಾಮಾಲೆ ಅಲ್ಲ," ಎಂದಳು ವಚನಾ. ಆಸ್ಪತ್ರೆಯ ಬಾಗಿಲಿನಿಂದ ಪುಡಿಯವರೆಗೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು.

ಬಸವಲಿಂಗಪ್ಪ ಮಗಳನ್ನು ತಡೆಯಲಿಲ್ಲ. ಬಂದವರು ಹೋದ ಮೇಲೆ ಕಪಾಟಿನ ಬೀಗ ತೆಗೆದು, ಉಳಿದಿದ್ದ ಹನ್ನೆರಡು ಪೊಟ್ಟಣಗಳನ್ನು ಅವಳ ಕೈಗಿಟ್ಟರು. ಮರುದಿನ ಅವಳು ಅವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ದೂರು ಬರೆದುಕೊಟ್ಟಳು.